ಬಾಗಿಲಲ್ಲಿ ನಿಂತ ಕಣಜ

ಪ್ರತಿಯೊಂದು ಕಾಲವೂ ತನಗೆ ಬೇಕಾದ ಕೆಲವು ಮಂತ್ರಗಳನ್ನು ತಾನೇ ಕಟ್ಟಿಕೊಳ್ಳುತ್ತದೆ. ನಮ್ಮ ಕಾಲದ ಮಂತ್ರಗಳಲ್ಲೊಂದು ‘ನೆಟ್ ಜೀರೋ’. ಮನೆ ಮಾರುವವರ ಜಾಹೀರಾತಿನಲ್ಲಿ ಅದೇ, ಮಂತ್ರಿಗಳ ಭಾಷಣದಲ್ಲಿ ಅದೇ, ಮಕ್ಕಳ ಪ್ರಬಂಧ ಸ್ಪರ್ಧೆಯಲ್ಲಿಯೂ ಅದೇ. ಕನ್ನಡದಲ್ಲಿ ಇದಕ್ಕೆ ‘ನಿವ್ವಳ ಶೂನ್ಯ’ ಎಂದು ಹೆಸರಿಟ್ಟಿದ್ದಾರೆ. ಶೂನ್ಯವೆಂದೊಡನೆ ಕನ್ನಡ ಓದಿಕೊಂಡವರ ಮನಸ್ಸು ಅಲ್ಲಮನ ಕಡೆಗೆ ಹೊರಳುವುದು ಸಹಜವೇ. ಆದರೆ ವಾಚಕರು ಗಾಬರಿಯಾಗಬೇಕಾದುದಿಲ್ಲ. ಇದು ಅನುಭಾವಿಗಳ ಶೂನ್ಯವಲ್ಲ, ಶಾನುಭೋಗರ ಶೂನ್ಯ. ಜಮೆಯಲ್ಲಿ ಖರ್ಚನ್ನು ಕಳೆದಾಗ ಪುಟದ ಬುಡದಲ್ಲಿ ಉಳಿಯುವ ಸೊನ್ನೆ.

ಅಮೆರಿಕದ ಇಂಧನ ಇಲಾಖೆ 2015ರಲ್ಲಿ ಇದಕ್ಕೊಂದು ಲಕ್ಷಣವನ್ನು ಗೊತ್ತುಮಾಡಿತು. ಒಂದು ಕಟ್ಟಡವು ವರ್ಷವೊಂದರಲ್ಲಿ ಹೊರಗಿನಿಂದ ತರಿಸಿಕೊಂಡ ಶಕ್ತಿಯು, ಅದು ತನ್ನ ನೆಲೆಯಲ್ಲಿಯೇ ಬಿಸಿಲು ಮೊದಲಾದ ಮೂಲಗಳಿಂದ ಹುಟ್ಟಿಸಿ ಹೊರಗೆ ಕೊಟ್ಟ ಶಕ್ತಿಯನ್ನು ಮೀರಬಾರದು. ಅಂಥದು ಶೂನ್ಯಶಕ್ತಿಯ ಕಟ್ಟಡ. ಇದೇ ಲಕ್ಷಣವನ್ನು ಆ ಇಲಾಖೆ ಕಟ್ಟಡಗಳ ಸಮೂಹಕ್ಕೂ ಬಡಾವಣೆಗೂ ವಿಸ್ತರಿಸಿತು. ಯೂರೋಪಿನವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಖರ್ಚಿಗಿಂತ ಹೆಚ್ಚು ಶಕ್ತಿಯನ್ನು ಹುಟ್ಟಿಸುವ ನೂರು ಬಡಾವಣೆಗಳಾದರೂ 2025ರ ವೇಳೆಗೆ ಯೋಜನೆಯ ಇಲ್ಲವೆ ನಿರ್ಮಾಣದ ಹಂತಕ್ಕಾದರೂ ಬರಬೇಕೆಂಬ ಗುರಿಯನ್ನು ಇಟ್ಟುಕೊಂಡರು.

ಒಂದು ಮನೆಯ ಬದಲು ಇಡೀ ಬಡಾವಣೆಯ ಲೆಕ್ಕವೇಕೆ? ನಮ್ಮ ಬೆಂಗಳೂರಿನ ಉದಾಹರಣೆಯನ್ನೇ ನೋಡೋಣ. ಇಲ್ಲಿನ ಬಿಸಿಲಿನಲ್ಲಿ ಒಂದು ಕಿಲೋವಾಟ್ ಸೌರಫಲಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಅದಕ್ಕೆ ಸುಮಾರು ನೂರು ಚದರಡಿ ಮಾಳಿಗೆ ಬೇಕು. ಇಪ್ಪತ್ತು ಸಂಸಾರಗಳಿರುವ ಕಟ್ಟಡವೊಂದರಲ್ಲಿ ನೀರಿನ ತೊಟ್ಟಿ, ಬಟ್ಟೆ ಒಣಗಿಸುವ ಜಾಗ, ಲಿಫ್ಟಿನ ಕೋಣೆಗಳನ್ನು ಬಿಟ್ಟು ಎರಡು ಸಾವಿರ ಚದರಡಿ ದೊರೆಯಿತೆನ್ನಿ. ಅಲ್ಲಿ ಹುಟ್ಟುವುದು ದಿನಕ್ಕೆ ಎಂಬತ್ತು ಯೂನಿಟ್. ಮನೆಗೆ ಆರು ಯೂನಿಟ್ಟಿನಂತೆ ಹಿಡಿದರೂ ಖರ್ಚು ನೂರಿಪ್ಪತ್ತು. ಮಾಳಿಗೆ ಒಂದೇ, ಅದರ ಕೆಳಗಿನ ಸಂಸಾರಗಳು ಹಲವು, ಸೊನ್ನೆ ಮುಟ್ಟುವುದೆಂತು? ಪಕ್ಕದ ಶಾಲೆ, ಕಲ್ಯಾಣಮಂಟಪ, ಕಛೇರಿ, ಮಾರುಕಟ್ಟೆಗಳ ವಿಶಾಲವಾದ ಮಾಳಿಗೆಗಳನ್ನು ಸೇರಿಸಿಕೊಂಡಾಗ ಮಾತ್ರ ಲೆಕ್ಕ ಸರಿಹೋಗುವ ಸಂಭವವಿದೆ. ಆದುದರಿಂದಲೇ ಬಡಾವಣೆ.

ಇಷ್ಟಾದರೂ ಈ ಲೆಕ್ಕದಲ್ಲಿ ಒಂದು ತೊಡಕು ಉಳಿದುಕೊಳ್ಳುತ್ತದೆ. ಶಾನುಭೋಗರು ಲೆಕ್ಕ ಮುಗಿಸುವುದು ವರ್ಷಕ್ಕೊಮ್ಮೆ. ದೀಪ ಹಚ್ಚುವುದು ಪ್ರತಿ ಸಂಜೆ. ಸೌರಫಲಕಗಳು ಭರದಿಂದ ವಿದ್ಯುತ್ತನ್ನು ಹರಿಸುವುದು ಮಧ್ಯಾಹ್ನದ ಹೊತ್ತಿನಲ್ಲಿ, ಮನೆಗಳೆಲ್ಲ ಬಹುಮಟ್ಟಿಗೆ ಖಾಲಿಯಾಗಿರುವಾಗ. ಆರೂವರೆಗೆ ಸೂರ್ಯ ಮುಳುಗುತ್ತಾನೆ. ಆ ವೇಳೆಗೆ ಸರಿಯಾಗಿ ಮನೆಮಂದಿಯೆಲ್ಲ ಮರಳಿ ದೀಪ, ಮಿಕ್ಸಿ, ಟೆಲಿವಿಷನ್, ಬಿಸಿನೀರು ಎಂದು ಒಂದೊಂದಾಗಿ ಗುಂಡಿ ಒತ್ತತೊಡಗುತ್ತಾರೆ. ಊಟಕ್ಕಿಲ್ಲದ ಉಪ್ಪಿನಕಾಯಿ ಏತಕ್ಕೆ ಎಂದು ನಮ್ಮ ಹಿರಿಯರು ಕೇಳುತ್ತಿದ್ದುದು ಇಂಥ ಸಂದರ್ಭಕ್ಕೇ ಇರಬೇಕು. ವರ್ಷದ ಕೊನೆಯಲ್ಲಿ ಪುಸ್ತಕದಲ್ಲಿ ಸೊನ್ನೆ ಮೂಡಬಹುದು. ಆದರೆ ಮಧ್ಯಾಹ್ನ ಹೊರಗೆ ನುಗ್ಗುವ, ಸಂಜೆ ಒಳಗೆ ನುಗ್ಗುವ ವಿದ್ಯುತ್ತಿನ ಭಾರವನ್ನೆಲ್ಲ ಬೀದಿಯ ತಂತಿಯೂ ಮೂಲೆಯ ಟ್ರಾನ್ಸ್‌ಫಾರ್ಮರೂ ಹೊರಬೇಕಾಗುತ್ತದೆ.

ಈ ಸಂಜೆಯ ಸಂದಣಿಯ ನಡುವೆ ಈಗ ವಿದ್ಯುತ್ ಕಾರು ಬಂದು ನಿಂತಿದೆ.

ಈ ಅತಿಥಿಯ ಹಸಿವೆಯನ್ನು ಸ್ವಲ್ಪ ತಿಳಿದುಕೊಳ್ಳೋಣ. ಸಾಮಾನ್ಯ ಗಾತ್ರದ ವಿದ್ಯುತ್ ಕಾರೊಂದು ನೂರು ಕಿಲೋಮೀಟರಿಗೆ ಹದಿನೈದು ಯೂನಿಟ್ಟಿನಷ್ಟು ಉಣ್ಣುತ್ತದೆ. ದಿನಕ್ಕೆ ನಲವತ್ತು ಕಿಲೋಮೀಟರ್ ಓಡುವ ಕಾರಿಗೆ ಆರು ಯೂನಿಟ್. ಎಂದರೆ ನಾವು ಮೇಲೆ ಹಿಡಿದ ಲೆಕ್ಕದಲ್ಲಿ ಒಂದು ಸಂಸಾರದ ದಿನದ ಖರ್ಚು. ಕಾರು ಕೊಂಡವನು ಮನೆಯ ಪಕ್ಕದಲ್ಲಿ ಇನ್ನೊಂದು ಮನೆಯನ್ನು ಹೂಡಿದಂತಾಯಿತು! ಇದು ವರ್ಷದ ಲೆಕ್ಕದ ಮಾತು. ಗಳಿಗೆಯ ಲೆಕ್ಕ ಇನ್ನೂ ಕಠಿನವಾದದ್ದು. ಮನೆಯ ಗೋಡೆಗೆ ಹಾಕುವ ಚಾರ್ಜರ್ 7.4 ಕಿಲೋವಾಟಿನದಾದರೆ, ಅದೊಂದೇ ಮೂರು ಗೀಸರುಗಳಿಗಿಂತ ಹೆಚ್ಚಿನ ಭಾರ. ಹತ್ತು ಮಂದಿ ಕಛೇರಿಯಿಂದ ಬಂದು ಏಳು ಗಂಟೆಗೆ ಒಮ್ಮೆಗೇ ಪ್ಲಗ್ ಚುಚ್ಚಿದರೆ 74 ಕಿಲೋವಾಟ್. ನಿವ್ವಳ ಶೂನ್ಯವೆಂದು ಫಲಕ ಹಾಕಿಕೊಂಡ ಬಡಾವಣೆಯಲ್ಲಿ ಶೂನ್ಯವಾಗಿ ಕಾಣುವುದು ಆಗ ಬೀದಿಯ ದೀಪವೇ.

ನಮ್ಮ ವಸತಿ ಸಮುಚ್ಚಯದ ಸಂಘದಲ್ಲಿ ಈ ವಿಷಯ ಚರ್ಚೆಗೆ ಬಂದ ದಿನ ಸಭೆಗೆ ಎಂದೂ ಬಾರದವರೂ ಬಂದಿದ್ದರು. ಕಾರಿಲ್ಲದವರು ಹೇಳಿದರು: “ಅವರ ಕಾರಿಗೆ ನಮ್ಮ ದೀಪ ಆರಬೇಕೇನು?” ಕಾರಿದ್ದವರು ಹೇಳಿದರು: “ಎಲ್ಲರ ಹಾಗೆ ನಾವೂ ಹಣ ಕಟ್ಟುವುದಿಲ್ಲವೆ?” ಸಂಜೆ ಆರರಿಂದ ಹತ್ತರವರೆಗೆ ಯಾರೂ ಕಾರಿಗೆ ಚಾರ್ಜ್ ಹಾಕಕೂಡದೆಂದು ನಿರ್ಣಯ ಬರೆಯಲು ಕಾರ್ಯದರ್ಶಿಗಳು ಪೆನ್ನು ತೆಗೆದೂ ಆಗಿತ್ತು. ಅಷ್ಟರಲ್ಲಿ ಎರಡನೆಯ ಮಹಡಿಯ ಹುಡುಗಿ ಎದ್ದು ನಿಂತಳು. ಆಕೆ ಆಸ್ಪತ್ರೆಯೊಂದರಲ್ಲಿ ದಾದಿ. “ನನಗೆ ರಾತ್ರಿ ಪಾಳಿ ಇದ್ದಾಗ ಒಂಬತ್ತಕ್ಕೇ ಹೊರಡಬೇಕು, ಅಂಕಲ್. ಹತ್ತರ ಮೇಲೆ ಚಾರ್ಜ್ ಹಾಕಿ ಎಂದರೆ ನಾನು ಹೋಗುವುದು ಹೇಗೆ?” ಎಂದಳು. ಸಭೆ ಸುಮ್ಮನಾಯಿತು.

ಮೊದಲ ಸಾಲಿನಲ್ಲಿದ್ದ ನಿವೃತ್ತ ಎಂಜಿನಿಯರ್ ರಾಯರು ನನ್ನ ಕಡೆಗೆ ತಿರುಗಿ, “ಮೇಷ್ಟ್ರೇ, ನಿಮ್ಮ ತರಗತಿಯಲ್ಲಿ ಅರವತ್ತು ಹುಡುಗರೂ ಒಟ್ಟಿಗೆ ಮಾತಾಡಿದರೆ ಏನು ಮಾಡುತ್ತೀರಿ?” ಎಂದರು.

“ಒಬ್ಬೊಬ್ಬರಾಗಿ ಮಾತಾಡಿ ಎನ್ನುತ್ತೇನೆ, ರಾಯರೇ.”

“ಅವಸರದವರಿಗೆ ಮೊದಲ ಅವಕಾಶ ಕೊಡುತ್ತೀರಲ್ಲವೆ? ಕಾರಿಗೂ ಅಷ್ಟೇ” ಎಂದು ಅವರು ಲೆಕ್ಕ ಬಿಡಿಸಿ ತೋರಿಸಿದರು. ಹತ್ತು ಕಾರಿನ ಒಂದು ದಿನದ ಹಸಿವೆ, ನಡುವೆ ಸೋರುವುದೂ ಸೇರಿ, ಅರವತ್ತಾರು ಯೂನಿಟ್. ಒಂದೇ ಒಂದು ಕಾರಿಗೆ ಬೇಕಾದ 7.4 ಕಿಲೋವಾಟ್ ಶಕ್ತಿಯನ್ನು ಸರದಿಯಂತೆ ಹಂಚಿದರೆ ಸುಮಾರು ಒಂಬತ್ತು ಗಂಟೆಯಲ್ಲಿ ಹತ್ತೂ ಕಾರುಗಳ ಹೊಟ್ಟೆ ತುಂಬುತ್ತದೆ. ಎಲ್ಲರೂ ಪ್ಲಗ್ ಚುಚ್ಚಿ ಮಲಗಬಹುದು. ಯಾರಿಗೆ ಯಾವ ಹೊತ್ತಿಗೆ ಎಷ್ಟು ದೂರದ ಪಯಣ ಎಂಬುದನ್ನು ತಿಳಿಸಿದರೆ ಸಾಕು, ಹಂಚುವ ಕೆಲಸವನ್ನು ಯಂತ್ರವೇ ಮಾಡುತ್ತದೆ. ರಾತ್ರಿ ಪಾಳಿಯ ಹುಡುಗಿಯ ಕಾರಿಗೆ ಮೊದಲ ಪಂಕ್ತಿ. ಮರುದಿನ ಹತ್ತಕ್ಕೆ ಹೊರಡುವ ನಮ್ಮಂಥವರಿಗೆ ಕೊನೆಯ ಪಂಕ್ತಿ. 74 ಕಿಲೋವಾಟಿನ ಜಗಳ 7.4 ಕಿಲೋವಾಟಿನಲ್ಲಿ ಮುಗಿಯಿತು. ಬಡಾವಣೆಯ ಶಕ್ತಿಯೊಡನೆ ಕಾರನ್ನು ಹೊಂದಿಸುವ ಮೊದಲ ಪಾಠ ಇದೇ: ಕಾಯುವುದು. ದಿನಕ್ಕೆ ಒಂದೋ ಎರಡೋ ಗಂಟೆ ಓಡಿ, ಉಳಿದ ಇಪ್ಪತ್ತೆರಡು ಗಂಟೆ ನಿಂತೇ ಇರುವ ಪದಾರ್ಥಕ್ಕೆ ಕಾಯುವುದೇನು ಕಷ್ಟ?

ಎರಡನೆಯ ಪಾಠ ಇದಕ್ಕಿಂತ ಸ್ವಾರಸ್ಯವಾದದ್ದು. ನಿಂತ ಕಾರು ಉಂಡದ್ದನ್ನು ಹಿಂದಕ್ಕೆ ಕೊಡಲೂಬಹುದು. ಬ್ಯಾಟರಿಯಲ್ಲಿರುವುದು ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತು. ನಮ್ಮ ಮನೆಯ ತಂತಿಯಲ್ಲಿರುವುದು ಸೆಕೆಂಡಿಗೆ ಐವತ್ತು ಸಲ ತೂಗಾಡುವ ವಿದ್ಯುತ್ತು. ಚಾರ್ಜ್ ಮಾಡುವಾಗ ಎರಡನೆಯದನ್ನು ಮೊದಲನೆಯದಾಗಿ ಬದಲಿಸುತ್ತೇವೆ. ಅದೇ ಯಂತ್ರವನ್ನು ಎರಡು ಕಡೆಗೂ ಕೆಲಸ ಮಾಡುವಂತೆ ಕಟ್ಟಿದರೆ, ಮಧ್ಯಾಹ್ನ ತುಂಬಿಕೊಂಡ ಬಿಸಿಲನ್ನು ಕಾರು ಸಂಜೆ ಮನೆಗೂ ಬೀದಿಗೂ ಮರಳಿಸಬಲ್ಲದು. ಅಮೆರಿಕದ ವಿಲೆಟ್ ಕೆಂಪ್ಟನ್ ಮತ್ತು ಸ್ಟೀವನ್ ಲೆಟೆಂಡ್ರ್ ಎಂಬಿಬ್ಬರು ವಿದ್ವಾಂಸರು 1997ರಲ್ಲಿಯೇ ಈ ವಿಚಾರವನ್ನು ಲೇಖನವಾಗಿ ಮಂಡಿಸಿದ್ದರು. ಬೆಂಗಳೂರಿನ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾದುದೇ ಇಲ್ಲ. ಕಾವೇರಿ ನೀರು ತನಗೆ ಮನಸ್ಸು ಬಂದ ಹೊತ್ತಿನಲ್ಲಿ ಬರುತ್ತದೆ. ಬಂದಾಗ ಸಂಪು ತುಂಬಿಸಿಕೊಂಡು ಬೇಕಾದಾಗ ಬಳಸುವ ವಿದ್ಯೆಯಲ್ಲಿ ಅವರು ಪಂಡಿತೆಯರು. ಚಕ್ರವಿರುವ ಸಂಪು ಎಂದು ತಿಳಿದುಕೊಂಡರೆ ವಿದ್ಯುತ್ ಕಾರು ಅರ್ಥವಾದಂತೆಯೇ.

ಈ ಮಾತು ಕಾಗದದ ಮೇಲಷ್ಟೇ ಉಳಿದಿಲ್ಲ ಎಂಬುದನ್ನು ನೋಡಬೇಕಾದರೆ ಹಾಲೆಂಡಿನ ಯೂಟ್ರೆಕ್ಟ್ ನಗರಕ್ಕೆ ಹೋಗಬೇಕು. ಅಲ್ಲಿ ಲೋಂಬೋಕ್ ಎಂಬ ಹಳೆಯ ಬಡಾವಣೆಯೊಂದಿದೆ. ಡಚ್ಚರ ವಸಾಹತಾಗಿದ್ದ ಇಂಡೋನೇಷ್ಯದ ದ್ವೀಪವೊಂದರ ಹೆಸರು ಅದಕ್ಕೆ. ಒತ್ತೊತ್ತಾದ ಸಾಲುಮನೆಗಳು, ಅನೇಕ ದೇಶಗಳಿಂದ ಬಂದು ನೆಲೆಸಿದ ದುಡಿಯುವ ಜನ. ಬಹು ಮಂದಿಗೆ ಸ್ವಂತ ಗ್ಯಾರೇಜಿಲ್ಲ. ಕಾರು ನಿಲ್ಲುವುದು ಬೀದಿಯಲ್ಲೇ. ಆ ಬಡಾವಣೆಯ ರಾಬಿನ್ ಬರ್ಗ್ ಎಂಬಾತ ಶಾಲೆಗಳ ಮಾಳಿಗೆಯ ಮೇಲೆ ಸೌರಫಲಕಗಳನ್ನು ಹಾಕಿಸಿ, ಅದರ ವಿದ್ಯುತ್ತನ್ನು ಬೀದಿಯ ಬದಿಯಲ್ಲಿ ನಿಲ್ಲುವ ಕಾರುಗಳಿಗೆ ಉಣಿಸುವ ಏರ್ಪಾಟನ್ನು ಹೂಡಿದನು. ಅವನ ‘ವಿ ಡ್ರೈವ್ ಸೋಲಾರ್’ ಸಂಸ್ಥೆಯ ಕಾರುಗಳು ಒಬ್ಬರ ಆಸ್ತಿಯಲ್ಲ. ಬೇಕಾದವರು ಬೇಕಾದಷ್ಟು ಹೊತ್ತು ಬಾಡಿಗೆ ಕೊಟ್ಟು ಓಡಿಸಬಹುದಾದ ಹಂಚಿಕೆಯ ಕಾರುಗಳು. 2019ರ ಮಾರ್ಚ್ ತಿಂಗಳಲ್ಲಿ ಹಾಲೆಂಡಿನ ದೊರೆ ವಿಲ್ಲೆಮ್-ಅಲೆಕ್ಸಾಂಡರ್ ಅಲ್ಲಿಗೆ ಬಂದು, ವಿದ್ಯುತ್ತನ್ನು ಕೊಡುವುದಕ್ಕೂ ಕೊಳ್ಳುವುದಕ್ಕೂ ಬರುವ ಬೀದಿಬದಿಯ ಚಾರ್ಜಿಂಗ್ ಕಂಬಕ್ಕೆ ಚಾಲನೆ ಕೊಟ್ಟರು. ಆಗ ಅದಕ್ಕೆ ಜೋಡಿಸಿದ್ದ ರೆನೋ ಕಾರುಗಳು ಇನ್ನೂ ಪ್ರಯೋಗದ ಹಂತದವು. 2025ರ ಜೂನ್ ತಿಂಗಳಲ್ಲಿ ಪ್ರಯೋಗ ಬೀದಿಗೆ ಇಳಿಯಿತು. ಹಿಮ್ಮುಖವಾಗಿ ವಿದ್ಯುತ್ ಹರಿಸುವ ಸಾಮರ್ಥ್ಯದ ಐವತ್ತು ‘ರೆನೋ 5’ ಕಾರುಗಳು ಹಂಚಿಕೆಯ ಸೇವೆಗೆ ಬಂದವು. ಅವುಗಳನ್ನು ಐನೂರಕ್ಕೆ ಏರಿಸುವುದು ಅವರ ಸಂಕಲ್ಪ.

ಇದರ ಮಹತ್ವವನ್ನು ಅಂಕಿಗಳಲ್ಲಿ ತೂಗಿ ನೋಡೋಣ. ದೊಡ್ಡ ಬ್ಯಾಟರಿಯ ರೆನೋ 5 ಕಾರಿನಲ್ಲಿ 52 ಯೂನಿಟ್ ಹಿಡಿಯುತ್ತದೆ. ಒಂದು ಡಚ್ ಸಂಸಾರದ ಖರ್ಚು ವರ್ಷಕ್ಕೆ ಸುಮಾರು ಎರಡೂವರೆ ಸಾವಿರ ಯೂನಿಟ್, ಅಂದರೆ ದಿನಕ್ಕೆ ಏಳರ ಆಸುಪಾಸು. ನಿಂತ ಕಾರೊಂದು ಸಂಜೆ ಹತ್ತೇ ಯೂನಿಟ್ ಬಿಟ್ಟುಕೊಟ್ಟರೂ ಒಂದು ಸಂಸಾರದ ದಿನ ಕಳೆದು ಮಿಗುತ್ತದೆ. ಐನೂರು ಕಾರುಗಳಾದರೆ ಐದು ಸಾವಿರ ಯೂನಿಟ್. ಕೊಟ್ಟ ಮೇಲೂ ಪ್ರತಿ ಕಾರಿನಲ್ಲಿ ಮರುದಿನದ ಓಡಾಟಕ್ಕೆ ಧಾರಾಳವಾಗಿ ಉಳಿದಿರುತ್ತದೆ. ಯೂಟ್ರೆಕ್ಟಿನಲ್ಲಿ ಸುಮಾರು ಮೂರು ಮಾಳಿಗೆಗಳಿಗೆ ಒಂದರಂತೆ ಸೌರಫಲಕಗಳಿವೆ. ಅದೇ ಪ್ರಾಂತದಲ್ಲಿ ವಿದ್ಯುತ್ ತಂತಿಗಳು ತುಂಬಿಹೋಗಿ, ಹೊಸದಾಗಿ ದೊಡ್ಡ ಸಂಪರ್ಕ ಬೇಕಾದವರು ಸಾಲಿನಲ್ಲಿ ಕಾಯುವ ಸ್ಥಿತಿಯೂ ಬಂದಿತು. ಬಿಸಿಲಿಗೆ ಕೊರತೆಯಿಲ್ಲದ ಗಳಿಗೆಯಲ್ಲಿ ತಂತಿಗೆ ಕೊರತೆ! ಇಂಥಲ್ಲಿ ಬೀದಿಯಲ್ಲಿ ಹುಟ್ಟಿದ್ದನ್ನು ಬೀದಿಯಲ್ಲೇ ಕೂಡಿಡುವ ಕಣಜಕ್ಕೆ ಎಷ್ಟು ಬೆಲೆಯೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಾಗೆಂದು ಇದೇನು ಕಾಮಧೇನುವಲ್ಲ. ಪದೇ ಪದೇ ತುಂಬಿ ಬರಿದು ಮಾಡಿದರೆ ಬ್ಯಾಟರಿ ಸವೆಯುತ್ತದೆ. ತೀರ ಬರಿದಾಗಲು ಬಿಡದೆ, ಕಂಠಪೂರ್ತಿ ತುಂಬದೆ ನಡುವಿನ ಮಟ್ಟದಲ್ಲಿ ಆಡಿಸಿದರೆ ಸವೆತ ಕಡಮೆಯಾಗುತ್ತದೆ. ಆದರೂ ಸವೆದದ್ದಕ್ಕೆ ಕಾರಿನ ಒಡೆಯನಿಗೆ ಪ್ರತಿಫಲ ಸಲ್ಲಲೇಬೇಕು. ನಡುರಾತ್ರಿ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದಾಗ ಕಾರು ಬರಿದಾಗಿದ್ದರೆ ಗತಿಯೇನು ಎಂಬ ಭಯವೂ ಅಲಕ್ಷ್ಯ ಮಾಡತಕ್ಕದ್ದಲ್ಲ. ಇಂತಿಷ್ಟಕ್ಕಿಂತ ಕೆಳಗೆ ಇಳಿಸಕೂಡದೆಂದು ಒಡೆಯನು ಹಾಕಿದ ಗೆರೆಯನ್ನು ಯಂತ್ರವು ದಾಟಬಾರದು. ಎಲ್ಲಕ್ಕಿಂತ ದೊಡ್ಡ ಮಿತಿ ಋತುವಿನದು. ಡಿಸೆಂಬರಿನಲ್ಲಿ ಯೂಟ್ರೆಕ್ಟಿನ ಹಗಲು ಎಂಟು ಗಂಟೆಗಿಂತಲೂ ಚಿಕ್ಕದು. ಮೋಡದ ಮರೆಯಲ್ಲಿ ಸೂರ್ಯ ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು. ಕಾರು ಮಧ್ಯಾಹ್ನದ ಬಿಸಿಲನ್ನು ರಾತ್ರಿಗೆ ಒಯ್ಯಬಲ್ಲದು. ಜೂನ್ ತಿಂಗಳ ಬಿಸಿಲನ್ನು ಡಿಸೆಂಬರಿಗೆ ಒಯ್ಯಲಾರದು. ಅಲ್ಲಿಯ ಚಳಿಗಾಲಕ್ಕೆ ಗಾಳಿಯಂತ್ರವೇ ಮೊದಲಾದ ಬೇರೆ ಆಸರೆ ಬೇಕು.

ಇನ್ನೊಂದು ತೊಡಕನ್ನು ಮನುಷ್ಯರೇ ಕಟ್ಟಿಕೊಂಡಿದ್ದರು. ಮಾಳಿಗೆಯಿಂದ ಕೊಟ್ಟ ಯೂನಿಟ್ಟನ್ನೂ ತಂತಿಯಿಂದ ಪಡೆದ ಯೂನಿಟ್ಟನ್ನೂ ವರ್ಷದ ಕೊನೆಯಲ್ಲಿ ಒಂದಕ್ಕೊಂದು ವಜಾ ಮಾಡುವ ಪದ್ಧತಿಯನ್ನು ಡಚ್ಚರು ಬಹುಕಾಲ ನಡೆಸಿಕೊಂಡು ಬಂದರು. ಸೌರಫಲಕಗಳು ಮನೆಮನೆಯನ್ನು ಸೇರಲು ಅದು ಬಹಳ ನೆರವಾಯಿತು, ನಿಜ. ಆದರೆ ಮಧ್ಯಾಹ್ನದ ಯೂನಿಟ್ಟಿಗೂ ಸಂಜೆಯ ಯೂನಿಟ್ಟಿಗೂ ಒಂದೇ ಬೆಲೆಯೆಂದಮೇಲೆ ಕೂಡಿಡುವ ಕಷ್ಟ ಯಾರಿಗೆ ಬೇಕು? ಈ ವಜಾ ಪದ್ಧತಿಯನ್ನು 2027ರ ಜನವರಿ 1ರಂದು ಕೊನೆಗಾಣಿಸಬೇಕೆಂದು ಅಲ್ಲಿಯ ಶಾಸನಸಭೆಗಳು 2024ರಲ್ಲಿ ತೀರ್ಮಾನಿಸಿದವು. ವರ್ಷದ ಶೂನ್ಯದಿಂದ ಗಳಿಗೆಯ ಶೂನ್ಯದ ಕಡೆಗೆ ಒಂದು ದೇಶವೇ ಹೆಜ್ಜೆಯಿಟ್ಟಿತೆಂದು ಇದನ್ನು ತಿಳಿಯಬಹುದು.

ನಮ್ಮಲ್ಲಿಯೂ ಗಾಳಿ ಇದೇ ಕಡೆಗೆ ಬೀಸುತ್ತಿದೆ. ಹೊತ್ತಿಗೆ ತಕ್ಕ ದರವಿರಬೇಕೆಂದೂ, ಬಿಸಿಲಿನ ಹೊತ್ತಿನ ದರವು ಸಾಮಾನ್ಯ ದರಕ್ಕಿಂತ ಶೇಕಡಾ 20ರಷ್ಟಾದರೂ ಕಡಮೆಯಿರಬೇಕೆಂದೂ ಕೇಂದ್ರ ಸರ್ಕಾರ 2023ರ ನಿಯಮಗಳಲ್ಲಿ ಹೇಳಿತು. ಮನೆಗಳಲ್ಲಿ ಅದು ನಡೆಯಬೇಕಾದರೆ ಗಳಿಗೆ ಗಳಿಗೆಯನ್ನೂ ಗುರುತಿಸುವ ಸ್ಮಾರ್ಟ್ ಮೀಟರ್ ಬೇಕು. ಚಾರ್ಜಿಂಗ್ ಕೇಂದ್ರಗಳಿಗೆ ಮಾರುವ ವಿದ್ಯುತ್ತಿನ ಬೆಲೆ ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಸರಾಸರಿ ಪೂರೈಕೆ ವೆಚ್ಚದ 0.7ರಷ್ಟು, ಉಳಿದ ಹೊತ್ತಿನಲ್ಲಿ 1.3ರಷ್ಟು ಎಂದು 2024ರ ಮಾರ್ಗಸೂಚಿ ಗೊತ್ತುಮಾಡಿತು. ಕಟ್ಟಡಗಳ ವಾಹನ ನಿಲುಗಡೆಯ ಶೇಕಡಾ 20 ಭಾಗಕ್ಕೆ ಚಾರ್ಜಿಂಗ್ ಅನುಕೂಲವಿರಲೆಂದು ಮಾದರಿ ಉಪವಿಧಿಗಳು 2019ರಲ್ಲೇ ಹೇಳಿವೆ. 2001ರಲ್ಲಿ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರನ್ನು ಬೀದಿಗೆ ತಂದ ಊರು ಬೆಂಗಳೂರು. ವಿದ್ಯುತ್ ವಾಹನಗಳಿಗಾಗಿ 2017ರಲ್ಲಿ ದೇಶದಲ್ಲೇ ಮೊದಲು ನೀತಿಯೊಂದನ್ನು ಪ್ರಕಟಿಸಿದ ರಾಜ್ಯ ಕರ್ನಾಟಕ. ಪಾವಗಡದ ಸೌರವನ 2050 ಮೆಗಾವಾಟಿನದು. ಮಳೆಗಾಲದ ಕೆಲವು ವಾರಗಳನ್ನು ಬಿಟ್ಟರೆ, ಡಚ್ಚರನ್ನು ಕಾಡುವ ಚಳಿಗಾಲದ ಬರ ನಮಗಿಲ್ಲ. ಬಿಸಿಲಿನ ವಿಷಯದಲ್ಲಿ ನಾವು ಹುಟ್ಟು ಶ್ರೀಮಂತರು.

ಆದರೆ ನಮ್ಮ ಬಡಾವಣೆಗಳ ನಕ್ಷೆಯಲ್ಲಿ ಒಂದು ಮುಖ್ಯವಾದ ಮಾತು ಮರೆತುಹೋಗುವ ಸಂಭವವಿದೆ. ಬಿಸಿಲು ಸುರಿಯುವ ಮಧ್ಯಾಹ್ನ ನಮ್ಮ ಕಾರು ಎಲ್ಲಿರುತ್ತದೆ? ಮನೆಯಲ್ಲಲ್ಲ, ಕಛೇರಿಯ ನೆಲಮಾಳಿಗೆಯಲ್ಲಿ. ಮನೆಯ ಮಾಳಿಗೆಯಲ್ಲಿ ವಿದ್ಯುತ್ತು ಉಕ್ಕುವಾಗ ಕಣಜ ಹತ್ತು ಮೈಲಿ ದೂರದಲ್ಲಿ. ಕಣಜ ಮನೆಗೆ ಬರುವಾಗ ಬೆಳೆ ಮುಗಿದಿರುತ್ತದೆ. ಆದುದರಿಂದ ಬರೀ ಮನೆಗಳ ಬಡಾವಣೆಯೊಂದನ್ನು ಬೇಲಿ ಹಾಕಿ ಶೂನ್ಯಮಾಡಲು ಹೊರಡುವುದು ಅರ್ಧ ಕೆಲಸ. ಕಛೇರಿ, ಕಾಲೇಜು, ಆಸ್ಪತ್ರೆಗಳ ನಿಲುಗಡೆಯ ಜಾಗದಲ್ಲಿಯೇ ಹಗಲಿನ ಚಾರ್ಜಿಂಗಿಗೆ ಏರ್ಪಾಟಾಗಬೇಕು. ಅಲ್ಲಿ ತುಂಬಿಕೊಂಡ ಬಿಸಿಲು ಕಾರಿನೊಳಗೇ ಕುಳಿತು ಸಂಜೆ ಮನೆಗೆ ಬರಬೇಕು. ಕಾರು ಸಂಜೆಯ ಹೊತ್ತಿನಲ್ಲಿ ಬೀದಿಯ ತಂತಿಯನ್ನು ಬೇಡದಿದ್ದರೆ ಅದೇ ದೊಡ್ಡ ಉಪಕಾರ. ಅದು ತಿರುಗಿ ಕೊಡುವ ದಿನ ನಿಧಾನವಾಗಿಯೇ ಬರಲಿ.

ಮುಂದೆ ಯಾರಾದರೂ ನಿಮಗೆ ನಿವ್ವಳ ಶೂನ್ಯದ ಬಡಾವಣೆಯಲ್ಲಿ ಮನೆಯೊಂದನ್ನು ತೋರಿಸಿದರೆ, ಮಾಳಿಗೆಯ ಮೇಲೆ ಎಷ್ಟು ಫಲಕಗಳಿವೆಯೆಂದು ಕೇಳಿ ಸುಮ್ಮನಾಗಬೇಡಿ. ಸಂಜೆ ಏಳು ಗಂಟೆಗೆ ಇಲ್ಲಿ ಏನಾಗುತ್ತದೆ ಎಂದು ಕೇಳಿ. ಹತ್ತು ಕಾರುಗಳು ಒಟ್ಟಿಗೆ ಬಂದರೆ ಸರದಿಯನ್ನು ಹಂಚುವ ಏರ್ಪಾಟಿದೆಯೆ, ರಾತ್ರಿ ಪಾಳಿಯವರಿಗೆ ಮೊದಲ ಪಂಕ್ತಿಯಿದೆಯೆ, ಕಾರಿಲ್ಲದ ಮನೆಯವರ ದೀಪಕ್ಕೆ ರಕ್ಷಣೆಯಿದೆಯೆ ಎಂದು ಕೇಳಿ. ಉತ್ತರ ತಡವರಿಸಿದರೆ ಆ ಶೂನ್ಯ ಇನ್ನೂ ಶಾನುಭೋಗರ ಪುಸ್ತಕದಲ್ಲೇ ಇದೆಯೆಂದು ತಿಳಿಯಿರಿ. ಒಂಟಿಯಾಗಿ ನಿಂತ ಸೊನ್ನೆಗೆ ಬೆಲೆಯಿಲ್ಲವೆಂಬುದು ಪ್ರಾಥಮಿಕ ಶಾಲೆಯ ಪಾಠ. ಪಕ್ಕದಲ್ಲಿ ಇನ್ನೊಂದು ಅಂಕಿ ಬಂದು ನಿಂತಾಗಲೇ ಅದು ಹತ್ತಾಗುವುದು, ನೂರಾಗುವುದು. ಬಡಾವಣೆಯ ಲೆಕ್ಕದಲ್ಲಿ ಆ ಇನ್ನೊಂದು ಅಂಕಿ ನೆರೆಮನೆಯವರೇ.